ರೇಡಿಯೇಟರಿಗೆ ಅರಿಶಿನ ಶಾಸ್ತ್ರ

"ಈ ಹಂಗಾಮು ಮುಗಿಯುವವರೆಗೆ ನನ್ನ ಲಾರಿಯ ಮೈಮೇಲೆ ಯಾವ ಮೆಕ್ಯಾನಿಕ್ಕಿನ ಕೈಯೂ ಬೀಳಕೂಡದು!"

ಹೀಗೆಂದು ನಾನು ಘೋರ ಪ್ರತಿಜ್ಞೆ ಮಾಡಿದ್ದು ಜೂನ್ ತಿಂಗಳ ಒಂದು ಬೆಳಿಗ್ಗೆ, ಲಾರಿಯ ಮುಂದಿನ ಚಕ್ರದ ಬಳಿ ತೆಂಗಿನಕಾಯಿ ಒಡೆಯುತ್ತ. ಕಾಯಿ ಮೊದಲ ಏಟಿಗೆ ಒಡೆಯಲಿಲ್ಲ. ಎರಡನೆಯ ಏಟಿಗೂ ಒಡೆಯಲಿಲ್ಲ. ಮೂರನೆಯ ಏಟಿಗೆ ಒಡೆದದ್ದು ಲಾರಿಯ ಇಂಡಿಕೇಟರ್ ಗಾಜು.

ಆರತಿ ತಟ್ಟೆ ಹಿಡಿದು ನಿಂತಿದ್ದ ನನ್ನ ಹೆಂಡತಿ ಪ್ರಶೀಲಾ ನಿಟ್ಟುಸಿರು ಬಿಟ್ಟಳು.

"ಶುರುವಾಯ್ತು."

"ಏನು ಶುರುವಾಯ್ತು? ಇಂಡಿಕೇಟರ್ ಯಾರಿಗೆ ಬೇಕು? ತಿರುಗೋವಾಗ ಕೈ ಹೊರಗೆ ಚಾಚಿದರಾಯ್ತು!"

"ಹಂಗಾದ್ರೆ ಬ್ರೇಕ್ ಹೋದ್ರೆ ಕಾಲು ಹೊರಗೆ ಚಾಚ್ತೀರಾ?"

ಸ್ವಂತ ಲಾರಿಯ ಮಾಲೀಕನಾದವನು ಇಂಥ ಮಾತಿಗೆಲ್ಲ ಉತ್ತರ ಕೊಡಬಾರದು. ನಾನು ಕೊಡಲಿಲ್ಲ. (ಉತ್ತರ ಹೊಳೆಯಲೂ ಇಲ್ಲ.)

ಎಂಟು ವರ್ಷ ನಾನು ಸುರುಜ್ ಬಾಬುವಿನ ಲಾರಿ ಓಡಿಸಿ ಸಂಬಳ ಎಣಿಸಿದವನು. ಫಿಜಿ ದೇಶದ ಲಂಬಾಸಾ ಕಡೆಯ ಕಬ್ಬಿನ ಹೊಲಗಳಲ್ಲಿ ಆರು ಲಾರಿ ಇಟ್ಟವನೆಂದರೆ ಸಣ್ಣ ಆಸಾಮಿಯಲ್ಲ. ಅವನ ಮುಂದೆ ನಿಂತು "ಹೂಂ ಬಾಬು, ಆಯ್ತು ಬಾಬು" ಎನ್ನುತ್ತ ನನ್ನ ಕತ್ತು ಗೊನೆ ಬಿಟ್ಟ ಬಾಳೆಗಿಡದ ಹಾಗೆ ಶಾಶ್ವತವಾಗಿ ಬಾಗಿಹೋಗಿತ್ತು. ಈ ವರ್ಷ ಧೈರ್ಯ ಮಾಡಿ ಆ ಕೆಲಸ ಬಿಟ್ಟೆ. ಕೂಡಿಟ್ಟದ್ದನ್ನೆಲ್ಲ ಸುರಿದು ಇಪ್ಪತ್ತೆರಡು ವರ್ಷ ವಯಸ್ಸಿನ ಒಂದು ಲಾರಿ ಕೊಂಡೆ. ಜಪಾನಿನಲ್ಲಿ ಹುಟ್ಟಿ, ಹಡಗೇರಿ ಫಿಜಿಗೆ ಬಂದು, ಇಬ್ಬರು ಯಜಮಾನರನ್ನು ಹಣ್ಣುಮಾಡಿ, ಮೂರನೆಯವನಾದ ನನ್ನ ಕೈ ಹಿಡಿದವಳು ಆಕೆ. ಆಕೆ ಎನ್ನುವುದಕ್ಕೆ ಕಾರಣವಿದೆ. ಹಣೆಯ ಮೇಲೆ ಹಿಂದಿನವರಾರೋ ಕೆಂಪಕ್ಷರದಲ್ಲಿ 'ಶಾಂತಿ' ಎಂದು ಬರೆಸಿದ್ದರು. ಶಾಂತಿ ಓಣಿಯ ತಿರುವಿಗೆ ಬರುವ ಮೊದಲೇ ನಾಯಿಗಳು ಮಂಚದಡಿ ಸೇರುತ್ತಿದ್ದವು. ಮರದಲ್ಲಿ ತಲೆಕೆಳಗಾಗಿ ನಿದ್ದೆ ಮಾಡುತ್ತಿದ್ದ ಬಾವಲಿಗಳು ಸಂಜೆಯಾಯಿತೆಂದುಕೊಂಡು ಮಟಮಟ ಮಧ್ಯಾಹ್ನ ಹಾರಿಹೋಗುತ್ತಿದ್ದವು.

ಅವಳನ್ನು ಮನೆಗೆ ತಂದ ದಿನ ಒಂದು ವಿಚಿತ್ರ ನಡೆಯಿತು. ಹೊಸ್ತಿಲು ದಾಟುವಾಗ ನನ್ನ ಹಣೆ ಬಾಗಿಲ ಮೇಲಿನ ಪಟ್ಟಿಗೆ ಠಣ್ಣನೆ ಬಡಿದು ಕೋಳಿಮೊಟ್ಟೆ ಗಾತ್ರದ ಬುಗುಟು ಎದ್ದಿತು. ಆರು ವರ್ಷದಿಂದ ಅದೇ ಬಾಗಿಲು, ಅದೇ ಹಣೆ. ಹಿಂದೆಂದೂ ಬಡಿದದ್ದಿಲ್ಲ. ಪ್ರಶೀಲಾ ಬುಗುಟನ್ನೇ ನೋಡುತ್ತ ಎಣ್ಣೆ ತಿಕ್ಕಿದಳು.

ಇರಲಿ, ಪ್ರತಿಜ್ಞೆಗೆ ಬರೋಣ. ಹಳೆಯ ಲಾರಿ ಎಂದರೆ ಡೀಸೆಲ್ ಕುಡಿಯುತ್ತದೆ, ಟೈರು ತಿನ್ನುತ್ತದೆ, ಆಯಿಲ್ ಉಗುಳುತ್ತದೆ. ಇವುಗಳಲ್ಲಿ ಯಾವುದನ್ನೂ ನಿಲ್ಲಿಸಲಾಗದು. ನಿಲ್ಲಿಸಬಹುದಾದದ್ದು ಒಂದೇ, ಗ್ಯಾರೇಜಿನ ಖರ್ಚು! ಮೆಕ್ಯಾನಿಕ್ ಮಾಡುವುದಾದರೂ ಏನು? ಬಾನೆಟ್ ಎತ್ತುತ್ತಾನೆ, ತಲೆ ಅಲ್ಲಾಡಿಸುತ್ತಾನೆ, ಹಲ್ಲು ಕಚ್ಚಿ 'ತ್ಸು ತ್ಸು' ಎನ್ನುತ್ತಾನೆ. ಒಂದು 'ತ್ಸು'ವಿಗೆ ನಲವತ್ತು ಡಾಲರು. ನನಗೂ ತಲೆಯಿದೆ, ಅಲ್ಲಾಡಿಸಬಲ್ಲೆ. ನಾಲಿಗೆಯೂ ಇದೆ.

ಮೊದಲು ತುಂಡಾದದ್ದು ಫ್ಯಾನ್ ಬೆಲ್ಟು. ನಾನು ಎರಡು ಸಲ 'ತ್ಸು ತ್ಸು' ಎಂದು, ಅಂಗಳದಲ್ಲಿ ಬಟ್ಟೆ ಒಣಹಾಕುವ ನೈಲಾನ್ ಹಗ್ಗ ಬಿಚ್ಚಿ ನಾಲ್ಕು ಸುತ್ತು ಬಿಗಿದೆ. ಲಾರಿ ಹೊರಟಿತು! ಎರಡು ಮೈಲಿ ಹೋದ ಮೇಲೆ ದಿಬ್ಬದ ನಡುವೆ ಹಗ್ಗವೂ ಹೊರಟುಹೋಯಿತು. ಹನ್ನೊಂದು ಟನ್ ಕಬ್ಬು ಇಡೀ ಮಧ್ಯಾಹ್ನ ದಿಬ್ಬದ ಮೇಲೆ ಬಿಸಿಲು ಕಾಯಿಸಿತು. ಮನೆಯಲ್ಲಿ ಒಗೆದ ಬಟ್ಟೆಗಳು ಬೇಲಿಯ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದವು.

ಎರಡನೆಯದು ಏರ್ ಫಿಲ್ಟರು. ಹೊಸದು ಯಾಕೆ? ಒಗೆದರೆ ಸಾಲದೇ? ಪ್ರಶೀಲಾಳ ಬಟ್ಟೆ ಸೋಪಿನ ಪುಡಿಯಲ್ಲಿ ನೆನೆಸಿ, ತಿಕ್ಕಿ, ಒಣಗುವ ಮೊದಲೇ ಸಿಕ್ಕಿಸಿದೆ. ಹೊಲದಲ್ಲಿ ಲಾರಿ ನಾಲ್ಕು ಸಲ ಸೀನಿ, ಬಿಳಿಬಿಳಿ ಏನನ್ನೋ ಉಗುಳಿ, ಸುಮ್ಮನಾಯಿತು. ಕಬ್ಬು ಕಡಿಯುವವರು ಕತ್ತಿ ಕೆಳಗಿಟ್ಟು ಕೈಮುಗಿದರು.

ಆ ದಿನ ನಮ್ಮ ಗ್ಯಾಂಗಿನ ಸರ್ದಾರ ಖೇಲಾವನ್ ಮಾವ ನನ್ನನ್ನು ಬದಿಗೆ ಕರೆದ. ಅವನ ಗ್ಯಾಂಗಿನಲ್ಲಿ ಹದಿನಾರು ಮಂದಿ ಕಡಿಯುತ್ತಾರೆ, ನಾವು ಮೂರು ಲಾರಿಯವರು ಮಿಲ್ಲಿಗೆ ಹೊರುತ್ತೇವೆ. ಕಡಿದ ಕಬ್ಬು ಹೊಲದಲ್ಲೇ ಬಿದ್ದರೆ ರಸ ಆರುತ್ತದೆ. ರಸ ಆರಿದಷ್ಟೂ ರೈತರ ಬೈಗುಳ ಹಸಿಯಾಗುತ್ತದೆ. ಅದಷ್ಟೂ ಸರ್ದಾರನ ಕಿವಿಗೇ.

"ನೋಡೋ ರೊನೀಲ್," ಎಂದ ಮಾವ, ಮೀಸೆ ನೇವರಿಸುತ್ತ. "ಒಂದ್ಸಲ ನಿಂತ್ರೆ ಲಾರಿ ತಪ್ಪು. ಎರಡ್ಸಲ ನಿಂತ್ರೆ ಡ್ರೈವರ್ ತಪ್ಪು. ಮೂರನೇ ಸಲ ನಿಂತ್ರೆ, ನಿನ್ನ ಇಟ್ಕೊಂಡ ನನ್ನ ತಪ್ಪು. ನಾನು ಇವತ್ತಿನವರೆಗೆ ಒಂದೂ ತಪ್ಪು ಮಾಡಿದವನಲ್ಲ."

ಅರ್ಥ ಸ್ಪಷ್ಟ. ಮೂರನೇ ಸಲ ನಿಂತರೆ ಗ್ಯಾಂಗಿನಿಂದ ಹೊರಗೆ. ಹಂಗಾಮಿನ ನಡುವೆ ಬೇರೆ ಯಾವ ಗ್ಯಾಂಗೂ ಹೊಸ ಲಾರಿ ಸೇರಿಸುವುದಿಲ್ಲ. ಆಮೇಲೆ ಉಳಿಯುವ ದಾರಿ ಒಂದೇ. ಆ ದಾರಿಯೇ ಅಂದು ಸಂಜೆ ಪೆಟ್ರೋಲ್ ಬಂಕಿನಲ್ಲಿ ಎದುರಿಗೆ ಬಂದು ಬೆನ್ನು ತಟ್ಟಿತು.

"ಏನು ಮಾಲೀಕ್ರೇ!" ಎಂದ ಸುರುಜ್ ಬಾಬು. "ನಿನ್ನ ಸೀಟು ಹಾಗೇ ಇಟ್ಟಿದೀನಿ ಕಣೋ. ಮೆತ್ತೆ ಕೂಡ ಬದಲಾಯಿಸಿಲ್ಲ. ಎಂಟು ವರ್ಷ ನೀನು ಕೂತ ಗುಂಡಿ ಇನ್ನೂ ಹಂಗೇ ಇದೆ."

ಆ ಗುಂಡಿ ನನ್ನ ಕನಸಿನಲ್ಲಿ ಬರತೊಡಗಿತು.

ಹೀಗಿರುವಾಗ, ಒಂದು ಮಂಗಳವಾರ, ರೇಡಿಯೇಟರಿನಿಂದ ಹನಿ ಹನಿ ನೀರು ತೊಟ್ಟಿಕ್ಕುವುದು ಕಂಡಿತು.

"ಕವಿನೇಶ್‌ಗೆ ತೋರಿಸಬಾರದಾ?" ಎಂದಳು ಪ್ರಶೀಲಾ. ಕವಿನೇಶ್ ಅವಳ ತಮ್ಮ, ಪೇಟೆಯ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಅದೇ ಭಾನುವಾರ ಅವನ ಮದುವೆ. ಶುಕ್ರವಾರ ಸಂಜೆ ಅರಿಶಿನ ಶಾಸ್ತ್ರ.

"ಮದುಮಗನಿಗೆ ತೊಂದರೆ ಯಾಕೆ? ಅಲ್ಲದೆ ನನ್ನ ಪ್ರತಿಜ್ಞೆ..."

"ಪ್ರತಿಜ್ಞೆಗೆ ನೀರು ಸೋರಲ್ಲ. ಲಾರಿಗೆ ಸೋರುತ್ತೆ."

ಮಿಲ್ಲಿನ ಸಾಲಿನಲ್ಲಿ ನನ್ನ ಮುಂದೆ ಯಾವಾಗಲೂ ವಿಲಿಯಾಮೆಯ ಲಾರಿ. ನಮ್ಮದೇ ಗ್ಯಾಂಗಿನವನು, ಆರಡಿ ಮೂರಂಗುಲದ ಆಳು, ನದಿಯಾಚೆಯ ಫಿಜಿ ಹಳ್ಳಿಯವನು. ನನ್ನನ್ನು ಕರೆಯುವುದು 'ಭಾಮೈದ' ಎಂದೇ. ಅವರಲ್ಲಿ ಭಾವ, ಭಾಮೈದ ಎಂದರೆ ಸಂಬಂಧವಲ್ಲ, ಗೇಲಿ ಮಾಡಲು ಹುಟ್ಟಿನಿಂದ ಸಿಕ್ಕ ಪರವಾನಗಿ. ಅವನೇ ಹೇಳಿದ:

"ಏ ಭಾಮೈದ, ರೇಡಿಯೇಟರ್ ಸೋರಿದ್ರೆ ನಮ್ಮಪ್ಪ ಮೊಟ್ಟೆ ಒಡೆದು ಹಾಕ್ತಿದ್ದ. ನಿಮ್ಮೋರು ಅರಿಶಿನ ಹಾಕ್ತಾರೆ. ತೂತಿಗೆ ಹೋಗಿ ಕಚ್ಕೊಳ್ಳುತ್ತೆ. ಒಂದು ಚಮಚ ಸಾಕು."

ಅರಿಶಿನ! ಗಾಯ ಮಾಯಿಸುತ್ತದೆ, ಕೆಮ್ಮು ನಿಲ್ಲಿಸುತ್ತದೆ, ಮುಖಕ್ಕೆ ಕಳೆ ಕೊಡುತ್ತದೆ, ರೇಡಿಯೇಟರನ್ನು ಬಿಟ್ಟೀತೇ? ನಮ್ಮ ಹಿರಿಯರು ಎಂಥ ವಿಜ್ಞಾನಿಗಳು! ಮನೆಗೆ ಬಂದವನೇ ಅತಿ ಸಹಜವಾದ ದನಿಯಲ್ಲಿ ಕೇಳಿದೆ:

"ಪ್ರಶೀಲಾ, ಅರಿಶಿನ ಇದೆಯಾ?"

"ಯಾಕೆ?"

"ಕೆಮ್ಮು."

"ಯಾವಾಗಿಂದ?"

ನಾನು ಕೆಮ್ಮಿದೆ. "ಈಗಿಂದ."

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮೇಲಿನ ಗೂಡಿನಲ್ಲಿದ್ದ ದೊಡ್ಡ ಹಳದಿ ಮುಚ್ಚಳದ ಡಬ್ಬಿ ತೋರಿಸಿ, "ಅದು ಕವಿನೇಶನ ಶಾಸ್ತ್ರದ್ದು. ನಮ್ಮ ಹಿತ್ತಲಲ್ಲೇ ಬೆಳೆದು, ಒಣಗಿಸಿ, ನಾನೇ ಕುಟ್ಟಿದ್ದು. ಅಕ್ಕ ಅಂತ ನಾನೇ ಒಯ್ಯಬೇಕು. ಅದನ್ನ ಮುಟ್ಟಿದ್ರೆ ಕೈ ಮುರೀತೀನಿ," ಎಂದಳು. ಆಮೇಲೆ ಬೇರೆ ಪೊಟ್ಟಣದಿಂದ ಚಿಟಿಕೆ ತೆಗೆದು, ಬಿಸಿ ಹಾಲಿಗೆ ಹಾಕಿ, ನಾನು ಕೊನೆಯ ಗುಟುಕು ಕುಡಿಯುವವರೆಗೆ ಎದುರಿಗೇ ನಿಂತಳು. ಹಾಲು ಹೊಟ್ಟೆಗೆ ಹೋಯಿತು. ರೇಡಿಯೇಟರ್ ಹಾಗೇ ಉಳಿಯಿತು.

ಮರುದಿನ ಬುಧವಾರ, ಮದುವೆಗೆ ಮುಂಚೆ ರೊಟ್ಟಿ ಮಾರುವ ಕೊನೆಯ ದಿನ. ಪ್ರಶೀಲಾ ಎಂದಿನಂತೆ ಆಲೂಗಡ್ಡೆ ಪಲ್ಯ ಸುತ್ತಿದ ರೊಟ್ಟಿಗಳನ್ನು ಬುಟ್ಟಿಗೆ ತುಂಬಿಕೊಂಡು ಮಿಲ್ಲಿನ ಗೇಟಿಗೆ ಹೋಗಿದ್ದಳು. ಅವಳ ಪಲ್ಯವೆಂದರೆ ಡ್ರೈವರುಗಳು ಪ್ರಾಣ ಬಿಡುತ್ತಾರೆ. ದಿನಕ್ಕೆ ಐವತ್ತು ರೊಟ್ಟಿ ಖರ್ಚು. ನಾನು ಸ್ಟೂಲು ಹತ್ತಿದೆ, ಹಳದಿ ಮುಚ್ಚಳ ತೆಗೆದೆ, ಒಂದು ಚಮಚ ರೇಡಿಯೇಟರಿಗೆ ಸುರಿದೆ. ನಿಂತು ನೋಡಿದೆ. ಇಪ್ಪತ್ತೆರಡು ವರ್ಷದ ಲಾರಿಗೆ ಒಂದು ಚಮಚವೇ? ಇನ್ನೆರಡು ಹಾಕಿದೆ. ಕೈ ಎತ್ತಿ ಕೊಡುವಾಗ ಜಿಪುಣತನ ಯಾಕೆಂದು ಅರ್ಧ ಡಬ್ಬಿ ಹಾಕಿದೆ. ಡಬ್ಬಿ ಅರ್ಧವೇ ಉಳಿದರೆ ಸಿಕ್ಕಿಬೀಳುತ್ತೇನೆಂದು ಉಳಿದರ್ಧವನ್ನೂ ಹಾಕಿದೆ! ಶುಕ್ರವಾರದೊಳಗೆ ಪೇಟೆಯಲ್ಲಿ ಬೇರೆ ಕೊಂಡು ತುಂಬಿಸಿಟ್ಟರಾಯಿತು.

ವಾಸನೆ? ಸುಟ್ಟ ಕಬ್ಬು ಹೇರುವವನ ಮೂಗಿಗೆ ಜೂನ್‌ನಿಂದ ನವೆಂಬರ್‌ವರೆಗೆ ಮಸಿಯೊಂದೇ ವಾಸನೆ.

ಪವಾಡ ನಡೆಯಿತು! ಸೋರುವುದು ನಿಂತಿತು. ಬುಧವಾರ ಎರಡು ಲೋಡು, ಗುರುವಾರ ಎರಡು ಲೋಡು, ಒಂದು ಹನಿಯಿಲ್ಲ. ನಾನು ಸಾಲಿನಲ್ಲಿ ಒಂದೊಂದೇ ಲಾರಿಯ ಬಳಿ ನಿಂತು ಉಪನ್ಯಾಸ ಕೊಟ್ಟೆ. "ಮೆಕ್ಯಾನಿಕ್ ಅಂದ್ರೆ ಯಾರು? ಡಬ್ಬಿ ತೆಗೆಯೋಕೆ ಧೈರ್ಯ ಇಲ್ಲದವನು!" ಆ ಸಂಭ್ರಮದಲ್ಲಿ ಪೇಟೆಯಿಂದ ಅರಿಶಿನ ತರುವುದನ್ನು ಮಾತ್ರ ಮರೆತೆ.

ಶುಕ್ರವಾರ ಮಧ್ಯಾಹ್ನ. ಮಿಲ್ಲಿನ ಮುಂದೆ ನಲವತ್ತು ಲಾರಿಗಳ ಸಾಲು. ಹತ್ತು ಮಾರು ಮುಂದೆ, ಅರ್ಧ ಗಂಟೆ ನಿಲ್ಲು; ಮತ್ತೆ ಹತ್ತು ಮಾರು. ಶಾಂತಿಯ ಮೈ ಕಾಯತೊಡಗಿತು. ಮುಳ್ಳು ಕೆಂಪಿಗೆ ಏರಿತು. ಅಷ್ಟರಲ್ಲಿ ಸುತ್ತಲಿನ ಡ್ರೈವರುಗಳು ಕಿಟಕಿಯಿಂದ ತಲೆ ಹೊರಗೆ ಹಾಕಿ ಗಾಳಿ ಮೂಸಲು ಶುರುಮಾಡಿದರು.

"ಎಲ್ಲೋ ಆಡಿನ ಸಾರು ಕುದೀತಿದೆ!" ಎಂದ ಒಬ್ಬ.

"ಭಾಮೈದ, ನಿನ್ನ ಕಡೆಯಿಂದಲೇ ಬರ್ತಿದೆ. ಒಬ್ಬನೇ ತಿಂತಿದ್ದೀಯಾ?" ಎಂದ ವಿಲಿಯಾಮೆ.

ಎಂಜಿನ್ ಆರಿಸಿ ಅರ್ಧ ಗಂಟೆ ಕಾದೆ. ಅಷ್ಟು ಬುದ್ಧಿ ನನಗೂ ಇದೆ. ಬಾನೆಟ್ ಎತ್ತಿದೆ, ಒದ್ದೆ ಗೋಣಿಚೀಲ ಹಾಕಿ ಮುಚ್ಚಳವನ್ನು ಮೆಲ್ಲಗೆ ತಿರುಗಿಸಿದೆ.

ಭುಸ್ಸ್!

ಹಳದಿ ಕಾರಂಜಿಯೊಂದು ಆಕಾಶಕ್ಕೆ ಚಿಮ್ಮಿ, ಅಲ್ಲಿ ಸ್ವಲ್ಪ ಯೋಚಿಸಿ, ಪೂರ್ತಿ ನನ್ನ ಮೇಲೇ ಇಳಿಯಿತು. ತಲೆ, ಮುಖ, ಎದೆ, ಚಪ್ಪಲಿ ಎಲ್ಲ ಹಳದಿ. ಪುಣ್ಯಕ್ಕೆ ನೀರು ಬೆಚ್ಚಗಾಗಿತ್ತಷ್ಟೆ, ಸುಡಲಿಲ್ಲ. ಆದರೆ ಕಣ್ಣು! ಅರಿಶಿನ ಬಿದ್ದರೆ ಕಣ್ಣು ಇಷ್ಟು ಉರಿಯುತ್ತದೆಂದು ಯಾವ ಹಿರಿಯರೂ ಹೇಳಿರಲಿಲ್ಲ.

ಸುತ್ತಲಿನ ಡ್ರೈವರುಗಳೆಲ್ಲ ನನ್ನತ್ತ ತಿರುಗಿದರು. ಆಮೇಲೆ ವಿಲಿಯಾಮೆಯ ದನಿ ಕೇಳಿತು.

"ಭಾಮೈದಾ! ನಮ್ಮನ್ನ ಕರೀದೇ ಮದುವೆ ಮಾಡ್ಕೊಂಡ್ಯಲ್ಲೋ!"

ಸರಿ, ಅಷ್ಟು ಸಾಕಾಯಿತು. ಡ್ರೈವರುಗಳೆಲ್ಲ ಧುಮುಕಿದರು. ಒಬ್ಬ ಲಾರಿ ಬಾಗಿಲನ್ನೇ ಢೋಲಕ್ ಮಾಡಿಕೊಂಡ. ಇನ್ನೊಬ್ಬ ಕಬ್ಬಿನ ಸೋಗೆ ಹೆಣೆದು ಕೊರಳಿಗೆ ಹಾಕಿದ. ತಲೆನರೆತ ಗಂಡಸರು ಹೆಂಗಸರ ದನಿ ತೆಗೆದು ಅರಿಶಿನದ ಹಾಡು ಹೇಳಿದರು.

"ಹುಡುಗಿ ಯಾರು?"

"ಇನ್ಯಾರು, ಶಾಂತಿ! ಅವಳಿಗಿದು ಮೂರನೇ ಮದುವೆ!"

ನಾನೂ ನಕ್ಕೆ. ಹತ್ತಿ ಕೂತು ಕೀಲಿ ತಿರುಗಿಸಿದೆ. ಶಾಂತಿ 'ಖೊಖ್' ಎಂದಳು. ಇನ್ನೊಮ್ಮೆ ತಿರುಗಿಸಿದೆ. ಏನೂ ಇಲ್ಲ.

ಶಾಂತಿ ನಿಂತದ್ದು ಇದು ಮೂರನೇ ಸಲ.

ಹಾಡು ನನ್ನ ಕಿವಿಗೆ ಬೀಳುವುದು ನಿಂತಿತು. ಸುರುಜ್ ಬಾಬುವಿನ ಲಾರಿಯ ಆ ಮೆತ್ತೆ, ಆ ಗುಂಡಿ ಕಣ್ಣಿಗೆ ಕಟ್ಟಿತು. ಸ್ಟಿಯರಿಂಗ್ ಮೇಲೆ ತಲೆಯಿಟ್ಟೆ. ಕಣ್ಣಿನಿಂದ ನೀರು ಇಳಿಯುತ್ತಿತ್ತು. ಉರಿಯಿಂದಲೇ ಎಂದು ಹೇಳಿಕೊಳ್ಳಬಹುದಾದದ್ದೊಂದೇ ಸಮಾಧಾನ.

ಬಾಗಿಲು ತೆರೆಯಿತು. ವಿಲಿಯಾಮೆ ನಗುತ್ತಿರಲಿಲ್ಲ. ಅವನ ಹೆಗಲ ಮೇಲೆ ಕಬ್ಬು ಬಿಗಿಯುವ ಸರಪಳಿ ಇತ್ತು.

"ಖೇಲಾವನ್ ಮಾವ ಹೇಳಿದ್ದು 'ನಿಂತ್ರೆ' ಅಂತ ತಾನೆ?"

"ಹೂಂ."

"ಚಕ್ರ ತಿರುಗ್ತಾ ಇದ್ರೆ ನಿಂತ ಹಂಗಲ್ಲ. ಸ್ಟಿಯರಿಂಗ್ ಹಿಡ್ಕೋ."

ಹೀಗೆ ನಮ್ಮ ದಿಬ್ಬಣ ಹೊರಟಿತು. ಮುಂದೆ ವಿಲಿಯಾಮೆಯ ಲಾರಿ, ಹಿಂದೆ ಸರಪಳಿಯಲ್ಲಿ ಶಾಂತಿ, ಅವಳ ಹಿಂದೆ ದೂಡುತ್ತ ಹಾಡುತ್ತ ಹದಿನೈದು ಡ್ರೈವರುಗಳು, ಒಳಗೆ ಸೋಗೆಯ ಹಾರ ಹಾಕಿಕೊಂಡ ಹಳದಿ ಮದುಮಗ. ತೂಕದ ಕಟ್ಟೆಯ ಗುಮಾಸ್ತ ಕಿಟಕಿಯಿಂದ ನೋಡಿ, ಕನ್ನಡಕ ಒರೆಸಿ, ಮತ್ತೆ ನೋಡಿ, ಚೀಟಿ ಹರಿದು ಕೊಟ್ಟ. ಕಬ್ಬು ಇಳಿಯಿತು. ಅಲ್ಲಿಂದ ವಿಲಿಯಾಮೆ ನನ್ನನ್ನು ಹಾಗೆಯೇ ಎಳೆದುಕೊಂಡು ನೇರ ಅತ್ತೆ ಮನೆಗೆ, ಅಂದರೆ ಮದುವೆ ಮನೆಗೆ ತಂದ. ಬರುವ ದಾರಿಯಲ್ಲಿ ನನಗೆ ಎರಡನೆಯ ಯೋಚನೆ ಹತ್ತಿತು. ಶಾಸ್ತ್ರದ ಅರಿಶಿನವೆಲ್ಲ ನನ್ನ ಅಂಗಿಯ ಮೇಲಿದೆ. ಮದುಮಗನಿಗೆ ಏನು ಹಚ್ಚುತ್ತಾರೆ?

ಚಪ್ಪರದ ಬಾಗಿಲಲ್ಲಿ ಹಳದಿ ಸೀರೆಯುಟ್ಟ ಪ್ರಶೀಲಾ ನಿಂತಿದ್ದಳು. ಸರಪಳಿ ನೋಡಿದಳು. ಶಾಂತಿಯನ್ನು ನೋಡಿದಳು. ನನ್ನನ್ನು ನೋಡಿದಳು.

"ಪ್ರಶೀಲಾ, ತಪ್ಪಾಯ್ತು. ಅರಿಶಿನದ ಡಬ್ಬಿ..."

"ಹತ್ರ ಬನ್ನಿ."

ಹೋದೆ. ಅವಳು ನನ್ನ ಹೆಗಲ ಬಳಿ ಬಗ್ಗಿ ಮೂಸಿದಳು. ಅವಳ ಕಣ್ಣು ಅಗಲವಾಯಿತು.

"ಅಯ್ಯೋ ನನ್ನ ಕರ್ಮವೇ! ಕೊತ್ತಂಬರಿ, ಜೀರಿಗೆ, ಮೆಂತ್ಯ, ಒಣಮೆಣಸಿನಕಾಯಿ, ಜೊತೆಗೆ ಅರಿಶಿನ... ಇದು ನನ್ನ ಪಲ್ಯದ ಮಸಾಲೆ! ಒಂದು ತಿಂಗಳಿಗೆ ಅಂತ ಕುಟ್ಟಿಟ್ಟಿದ್ದು!"

"ಮಸಾಲೆಯಾ? ಶಾಸ್ತ್ರದ ಅರಿಶಿನ ಎಲ್ಲಿ?"

"ಅಕ್ಕಿ ಡಬ್ಬದ ತಳದಲ್ಲಿಟ್ಟಿದ್ದೆ. ಈಗ ಅಮ್ಮನ ಹತ್ರ ಇದೆ. ನೀವು ಕೆಮ್ಮಿದಾಗಲೇ ಗೊತ್ತಾಯ್ತು ನಂಗೆ. ನಿಜವಾಗ್ಲೂ ಕೆಮ್ಮು ಬಂದ್ರೆ ನೀವು 'ಅರಿಶಿನ ಇದೆಯಾ' ಅಂತ ಕೇಳ್ತೀರಾ? 'ನಾನು ಸತ್ತೆ' ಅಂತೀರಿ. ಅದಕ್ಕೇ ಡಬ್ಬಿ ಬದಲಾಯಿಸ್ದೆ. ಮಸಾಲೇನ ನೋಡಿದ್ರೆ ಗುರುತು ಸಿಕ್ಕಿ ಮುಚ್ಚಿಡ್ತೀರಿ ಅಂದ್ಕೊಂಡೆ. ಲಾರಿಗೆ ಒಗ್ಗರಣೆ ಹಾಕ್ತೀರಿ ಅಂತ ಯಾರಿಗ್ಗೊತ್ತಿತ್ತು?"

ವಿಲಿಯಾಮೆ ಚಪ್ಪರದ ಕಂಬ ಹಿಡಿದುಕೊಂಡು ಕುಸಿದ. "ಅಂದ್ರೆ ನಾವು ಇಷ್ಟೊತ್ತು ಹಾಡಿದ್ದು ಮದುಮಗನಿಗಲ್ಲ, ಮಸಾಲೆ ಹಚ್ಚಿದ ಕೋಳಿಗೆ!"

ನೆಂಟರೆಲ್ಲ ಸುತ್ತುಗಟ್ಟಿ ನಗುತ್ತಿರುವಾಗಲೇ ಖೇಲಾವನ್ ಮಾವ ಬಂದ. ಅವನೂ ಕರೆದ ನೆಂಟನೇ. ಗುಂಪು ಸರಿದು ದಾರಿ ಬಿಟ್ಟಿತು. ಮಾವ ಸರಪಳಿಯನ್ನು ಕೋಲಿನಿಂದ ತಟ್ಟಿದ.

"ನಿಂತಿತಾ?"

"ಇಲ್ಲ ಮಾವ," ಎಂದ ವಿಲಿಯಾಮೆ ತಟ್ಟನೆ. "ಮೆರವಣಿಗೆ ಬಂತು."

"ನಿನ್ನ ಕೇಳಲಿಲ್ಲ. ರೊನೀಲ್, ನೀನು ಹೇಳು. ನಿಂತಿತಾ?"

ಸುಳ್ಳು ಹೇಳಬಹುದಿತ್ತು. ಆದರೆ ಮೈಯೆಲ್ಲ ಮೆಂತ್ಯ ಅಂಟಿಸಿಕೊಂಡವನು ಸುಳ್ಳು ಹೇಳಿದರೆ ಯಾರು ನಂಬುತ್ತಾರೆ? "ನಿಂತಿತು ಮಾವ," ಎಂದೆ.

ಮಾವ ಮೀಸೆ ನೇವರಿಸಿದ. ಮುಖ ಬಿಗಿಯಾಗಿಯೇ ಇತ್ತು. ಹೊಟ್ಟೆ ಮಾತ್ರ ಅಲುಗುತ್ತಿತ್ತು. "ನಾಳೆ ಬೆಳಿಗ್ಗೆ ಆರಕ್ಕೆ ಹೊಲದಲ್ಲಿ ಲೋಡಿಗೆ ಬಂದು ನಿಂತಿದ್ರೆ, ಇವತ್ತು ನಾನು ಏನೂ ನೋಡಿಲ್ಲ. ಬರದಿದ್ರೆ, ನೋಡಿದೀನಿ."

ಆರಕ್ಕೆ! ಪೇಟೆಯ ಗ್ಯಾರೇಜುಗಳೆಲ್ಲ ಆಗಲೇ ಬಾಗಿಲೆಳೆದಿದ್ದವು. ಇದ್ದ ಒಬ್ಬನೇ ಮೆಕ್ಯಾನಿಕ್ ಚಪ್ಪರದೊಳಗೆ ಮಣೆಯ ಮೇಲೆ, ಪಂಚೆಯುಟ್ಟು, ಕಿವಿಯಿಂದ ಕಾಲಿನವರೆಗೆ ಅಸಲಿ ಅರಿಶಿನ ಹಚ್ಚಿಸಿಕೊಂಡು ಕೂತಿದ್ದ. ಅರಿಶಿನ ಹಚ್ಚಿದ ಮದುಮಗ ಮದುವೆಯ ದಿನದವರೆಗೆ ಮನೆಯ ಬೇಲಿ ದಾಟುವಂತಿಲ್ಲ.

"ಅವನು ದಾಟೋದು ಬೇಡ," ಎಂದಳು ಪ್ರಶೀಲಾ, ಸೆರಗು ಸೊಂಟಕ್ಕೆ ಸಿಕ್ಕಿಸುತ್ತ. "ಲಾರಿ ದಾಟಲಿ. ವಿಲಿಯಾಮೆ ಅಣ್ಣ, ಆ ಕಡೆ ತಗಡು ಬಿಚ್ಚಿ."

ಚಪ್ಪರದ ಒಂದು ಗೋಡೆ ಹೋಯಿತು. ಹಾಡು ಹೇಳುತ್ತಿದ್ದ ಹೆಂಗಸರ ನಡುವೆ ಶಾಂತಿ ಮುಖ ತೂರಿಸಿಕೊಂಡು ಬಂದು ಮದುಮಗನ ಎದುರು ನಿಂತಳು.

"ಪ್ರಶೀಲಾ! ಹುಚ್ಚು ಹಿಡೀತಾ?" ಅತ್ತೆ ಎದೆ ಎದೆ ಬಡಿದುಕೊಂಡರು. "ಶಾಸ್ತ್ರ ಆದ ಹುಡುಗ ಲಾರಿ ಮುಟ್ತಾನೇನೇ?"

"ಅಮ್ಮಾ, ಅರಿಶಿನ ಹಚ್ಚಿದ ಮೇಲೆ ದೃಷ್ಟಿ ತಾಗಬಾರದು ಅಂತ ಮದುಮಗನ ಕೈಯಲ್ಲಿ ಯಾವಾಗ್ಲೂ ಏನಿರಬೇಕು?"

"ಕಬ್ಬಿಣ ಇರಬೇಕು. ಅದಕ್ಕೇ ಅಡಕತ್ತರಿ ಕೊಟ್ಟಿದೀನಲ್ಲ."

ಪ್ರಶೀಲಾ ಲಾರಿಯೊಳಗಿನ ಸ್ಪ್ಯಾನರ್ ತೆಗೆದು ತಮ್ಮನ ಕೈಗಿಟ್ಟಳು. "ಈ ಸ್ಪ್ಯಾನರ್ ಏನು, ಬೆಲ್ಲದ್ದಾ?"

ಅತ್ತೆ ಒಮ್ಮೆ ಅಡಕತ್ತರಿ ನೋಡಿದರು, ಒಮ್ಮೆ ಸ್ಪ್ಯಾನರ್ ನೋಡಿದರು.

"ಅಡಕತ್ತರಿ ಇಷ್ಟೇ ಇಷ್ಟು," ಎಂದ ಕವಿನೇಶ್ ಮಣೆಯಿಂದ ಹಾರಿ ಎದ್ದು. ಪಾಪ, ಮೂರು ಗಂಟೆಯಿಂದ ಕೂತು ಅವನ ಕಾಲು ಜೋಮು ಹಿಡಿದಿತ್ತು. "ಹದಿನೇಳರ ಸ್ಪ್ಯಾನರ್ ಅಂದ್ರೆ ಎಷ್ಟು ಕಬ್ಬಿಣ! ಒಂದು ದೃಷ್ಟೀನೂ ಹತ್ರ ಬರಲ್ಲ." ಅವನು ಬಾನೆಟ್ಟಿನೊಳಗೆ ತಲೆ ಹಾಕಿದ, ಬೆರಳಿಂದ ಏನನ್ನೋ ಕೆರೆದು ನಾಲಿಗೆಗೆ ಹಚ್ಚಿಕೊಂಡ. "ಉಪ್ಪು ಕಡಿಮೆ. ಈ ರೇಡಿಯೇಟರ್ ಸತ್ತಿದೆ ಭಾವ. ಬೇರೆ ಹಾಕಬೇಕು."

"ಬೇರೆ? ಈಗ ಎಲ್ಲಿಂದ ತರೋದು?"

ಅಕ್ಕ ತಮ್ಮ ಮುಖ ಮುಖ ನೋಡಿಕೊಂಡರು. ಪ್ರಶೀಲಾ ಬಾಳೆಲೆಗಳ ರಾಶಿಯ ಬಳಿ ಹೋಗಿ ಎಲೆಗಳನ್ನು ಸರಿಸಿದಳು. ಅಡಿಯಲ್ಲಿ ಒಂದು ರೇಡಿಯೇಟರ್! ಹಳೆಯದೇ, ಆದರೆ ತೊಳೆದು, ಬೆಸುಗೆ ಹಾಕಿ, ಕಪ್ಪು ಬಣ್ಣ ಬಳಿದದ್ದು.

"ಹೋದ ತಿಂಗಳೇ ಕವಿನೇಶ್ ಹೇಳಿದ್ದ, ನಿಮ್ಮದು ಇನ್ನು ಹೆಚ್ಚು ದಿನ ಬರಲ್ಲ ಅಂತ. ಗುಜರಿಗೆ ಬಂದ ಲಾರಿಯಿಂದ ಇದನ್ನ ತೆಗೆಸಿಟ್ಟೆ. ರೊಟ್ಟಿ ದುಡ್ಡಲ್ಲಿ," ಎಂದಳು ಅವಳು, ನನ್ನ ಕಡೆ ನೋಡದೆ. "ಮದುವೆ ಮುಗಿದ ಮೇಲೆ ಸುಮ್ನೆ ಹಾಕಿಸ್ಬಿಡೋಣ ಅಂತಿದ್ದೆ."

"ನನಗೆ ಹೇಳಬಾರದಿತ್ತಾ?"

"ನೀವು ಪ್ರತಿಜ್ಞೆ ಮಾಡಿದ್ರಲ್ಲ."

"ನೀನು ಅದನ್ನ ನಂಬಿದ್ಯಾ?"

"ಇಲ್ಲ." ಅವಳು ನನ್ನ ಹುಬ್ಬಿನ ಮೇಲೆ ಅಂಟಿದ್ದ ಜೀರಿಗೆಯೊಂದನ್ನು ಉಗುರಿನಿಂದ ತೆಗೆದಳು. "ಆದ್ರೆ ಎಂಟು ವರ್ಷ ಸುರುಜ್ ಬಾಬು ಮುಂದೆ ನೀವು ತಲೆ ಬಗ್ಗಿಸಿ ನಿಲ್ಲೋದು ನೋಡಿದೀನಿ. ಮನೆಗೂ ಹಂಗೇ ಬಗ್ಗಿ ಬರ್ತಿದ್ರಿ. ಈ ಲಾರಿ ತಂದ ದಿನ ಬಾಗಿಲಿಗೆ ಹಣೆ ಬಡೀತಲ್ಲ? ಅವತ್ತೇ ಗೊತ್ತಾಯ್ತು ನಂಗೆ, ನನ್ನ ಗಂಡ ಆ ಬಾಗಿಲಿಗಿಂತ ಎತ್ತರ ಅಂತ. ಮತ್ತೆ ಗಿಡ್ಡ ಆಗೋದು ಬೇಡ ಅನ್ನಿಸ್ತು."

ನನಗೆ ಮತ್ತೆ ಕಣ್ಣು ಉರಿಯಿತು. ಈ ಸಲ ಮೆಣಸಿನಕಾಯಿಯ ಮೇಲೆ ಹೇಳುವಂತಿರಲಿಲ್ಲ.

"ನನ್ನ ಪ್ರತಿಜ್ಞೆ ಮಾತ್ರ ಮುರೀತು," ಎಂದೆ. "ಮೆಕ್ಯಾನಿಕ್ ಕೈ ಬಿತ್ತು."

"ಎಲ್ಲಿ ಮುರೀತು? ಇವತ್ತು ಅವನು ಮೆಕ್ಯಾನಿಕ್ ಅಲ್ಲ, ಮದುಮಗ."

ಊಟದ ಎಲೆ ಹಾಕುವ ಹೊತ್ತಿಗೆ ಹೊಸ ರೇಡಿಯೇಟರ್ ಕೂತಿತು. ಹೆಂಗಸರು ಹಾಡಿನ ನಡುವೆ ಬೋಲ್ಟು ಎತ್ತಿಕೊಟ್ಟರು. ವಿಲಿಯಾಮೆ ಒಂದು ಕೈಯಲ್ಲಿ ಯಾಂಗೋನ ಎಂಬ ಬೇರಿನ ಪಾನೀಯದ ಬಟ್ಟಲು ಹಿಡಿದು ಟಾರ್ಚ್ ತೋರಿಸಿದ. ಮದುಮಗನ ಮೈಯ ಅರಿಶಿನದ ಮೇಲೆ ಗ್ರೀಸು, ಲಾರಿಯ ಗ್ರೀಸಿನ ಮೇಲೆ ಅರಿಶಿನ. ಯಾರ ಶಾಸ್ತ್ರ ಯಾರಿಗಾಯಿತೆಂದು ಹೇಳುವುದೇ ಕಷ್ಟ. ಕೊನೆಗೆ ಅತ್ತೆಯೇ ಒಂದು ಬೆರಳು ಅರಿಶಿನ ತೆಗೆದು ಶಾಂತಿಯ ಹಣೆಗೆ ಒತ್ತಿ, "ಇವಳೂ ಸುಖವಾಗಿರಲಿ, ಮುಂಡೇದು," ಎಂದರು. ಶಾಂತಿ ಮೊದಲ ಕೀಲಿಗೇ ಗುಡುಗಿದಳು. ಊರಿನ ನಾಯಿಗಳೆಲ್ಲ ಮಂಚದಡಿ ಸೇರಿದವು.

ಶನಿವಾರ ಬೆಳಿಗ್ಗೆ ಆರಕ್ಕೆ ಹತ್ತು ನಿಮಿಷವಿರುವಾಗ ನಾನು ಹೊಲದಲ್ಲಿದ್ದೆ. ಖೇಲಾವನ್ ಮಾವ ಲಾರಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಕೆಳಗೆ ಬಗ್ಗಿ ಹನಿ ಬೀಳುತ್ತದೆಯೇ ನೋಡಿದ. ಎದ್ದು, ಒಮ್ಮೆ ಮೂಸಿದ.

"ಸರಿ. ಲಾರಿಗೆ ಜಾಗ ಉಂಟು, ನವೆಂಬರ್‌ವರೆಗೆ."

"ದೊಡ್ಡ ಉಪಕಾರ ಮಾವ! ಇನ್ಮೇಲೆ ನೋಡಿ, ನಾನು..."

"ನೀನು ಸುಮ್ನಿರು. ಇನ್ಮೇಲೆ ಈ ಲಾರಿ ವಿಷಯ ಏನಿದ್ರೂ ನಾನು ಪ್ರಶೀಲಾ ಹತ್ರ ಮಾತಾಡ್ತೀನಿ. ನೀನು ಡ್ರೈವರ್ ತಾನೆ? ಓಡ್ಸು."

ಅಲ್ಲಿಗೆ ನನ್ನ ಮಾಲೀಕತನ ಆರೇ ವಾರಕ್ಕೆ ಮುಗಿದು, ನಾನು ಮತ್ತೆ ಡ್ರೈವರಾದೆ. ಸುರುಜ್ ಬಾಬು ಸಂಬಳವಾದರೂ ಕೊಡುತ್ತಿದ್ದ.

ಆದರೂ ಕತ್ತು ನೇರವಾಗಿಯೇ ಇತ್ತು. ಮಧ್ಯಾಹ್ನ ಮಿಲ್ಲಿನ ಸಾಲಿನಲ್ಲಿ ಸ್ವಂತ ಲಾರಿಯ ಸ್ವಂತ ಸೀಟಿನ ಮೇಲೆ ರಾಜಗಾಂಭೀರ್ಯದಿಂದ ಕೂತು, ಬೆಳಿಗ್ಗೆ ಪ್ರಶೀಲಾ ಕಟ್ಟಿಕೊಟ್ಟಿದ್ದ ರೊಟ್ಟಿ ಬಿಚ್ಚಿದೆ. ಒಂದು ತುತ್ತು ಬಾಯಿಗಿಟ್ಟೆ. ಬರೀ ಬೇಯಿಸಿದ ಆಲೂಗಡ್ಡೆ! ಖಾರವಿಲ್ಲ, ಹುಳಿಯಿಲ್ಲ, ಘಮವಿಲ್ಲ. ಕೂಡಲೇ ಮದುವೆ ಮನೆಗೆ ಫೋನ್ ಮಾಡಿದೆ.

"ಪ್ರಶೀಲಾ, ಏನಿದು? ಪಲ್ಯ ಇಷ್ಟು ಸಪ್ಪೆ!"

"ಮಸಾಲೆ ಪೂರ್ತಿ ನಿಮ್ಮ ಶಾಂತೀನೇ ತಿಂದ್ಲಲ್ಲ," ಎಂದಳು ನನ್ನ ಮಾಲೀಕಳು. ಹಿಂದಿನಿಂದ ಹೆಂಗಸರ ನಗು ಕೇಳಿಸಿತು. "ಹಳೇ ರೇಡಿಯೇಟರ್ ನಿಮ್ಮ ಸೀಟಿನ ಹಿಂದುಗಡೇನೇ ಇಟ್ಟಿದೀನಿ. ಬೇಕಿದ್ರೆ ನೆಂಚ್ಕೊಳ್ಳಿ."